ಹುಲಿ-ಕುರಿ ಆಟ, ಎಐ ಹುಟ್ಟಿಸಿದ ರಾಜ
(ತೊಪ್ಪೂರಿನಲ್ಲಿ ಆಡಿದ ಮಾತು)



ನಮ್ಮ ಮಕ್ಕಳ ಪಾಡು ನಿಮಗೆ ಗೊತ್ತೇ ಇದೆ. ಮನೇಲಿ ಕನ್ನಡ, ಶಾಲೇಲಿ ತಮಿಳು. ಮಾತು ಬರುತ್ತೆ, ಅಕ್ಷರ ಬರಲ್ಲ. ಅವರ ಕೈಗೆ ಕನ್ನಡದ ಇತಿಹಾಸ ಪುಸ್ತಕ ಕೊಟ್ಟು ಏನು ಮಾಡೋದು? ಅದಕ್ಕೇ ನಾವು ಆಟ ಹಿಡಿದೆವು.

ಹುಲಿ-ಕುರಿ ಆಟ. ತಮಿಳು ಗೆಳೆಯರು ಇದನ್ನೇ ಆಡು-ಪುಲಿ ಆಟ್ಟಂ ಅಂತಾರೆ. ನಾವು ಆಡೋದು 3 ಹುಲಿ, 15 ಕುರಿ ಇಟ್ಟುಕೊಂಡು. ಹುಲಿ ಒಂದು ಕುರಿ ತಿಂದರೆ ಕುರಿಯವರಿಗೆ ನಮ್ಮೂರ ಬಗ್ಗೆ ಒಂದು ಪ್ರಶ್ನೆ. ಉತ್ತರ ಸರಿಯಿದ್ದರೆ ಕುರಿ ವಾಪಸ್.

ಪ್ರಶ್ನೆ ಬರೆದುಕೊಡು ಅಂತ ಎಐಯನ್ನು ಕೇಳಿದೆವು. ಧರ್ಮಪುರಿಯ ಹಳೇ ಹೆಸರು ತಗಡೂರು, ಅದನ್ನು ಸರಿಯಾಗೇ ಹೇಳ್ತು. ನೊಳಂಬರ ಬಗ್ಗೆ ಕೇಳಿದ್ರೆ ಇಲ್ಲದ ರಾಜನನ್ನೇ ಹುಟ್ಟಿಸಿ, ಅವನಿಗೊಂದು ಯುದ್ಧ, ಒಬ್ಬಳು ರಾಣಿ ಬೇರೆ! ಕನ್ನಡ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಅಪಾಯ ಇರೋದೇ ಅಲ್ಲಿ. ನಮ್ಮ ಕಡೆಯ ಬಗ್ಗೆ ಅದು ಓದಿರೋದು ಕಡಿಮೆ, ಗೊತ್ತಿಲ್ಲದ ಕಡೆ ಹೊಂದೋ ಮಾತು ಜೋಡಿಸಿಬಿಡುತ್ತೆ. ನಾಳೆ ಆ ಸುಳ್ಳು ಸಿಕ್ಕಿಬಿದ್ದರೆ ನಮ್ಮ ನಿಜವನ್ನೂ ಯಾರೂ ನಂಬಲ್ಲ. ಧರ್ಮಪುರಿಯಲ್ಲೇ 9ನೇ ಶತಮಾನದ ನೊಳಂಬರ ಕನ್ನಡ ಶಾಸನಗಳು ಸಿಕ್ಕಿವೆ, ಎಪಿಗ್ರಾಫಿಯಾ ಇಂಡಿಕಾದ 10ನೇ ಸಂಪುಟದಲ್ಲಿ ಅಚ್ಚಾಗಿವೆ. ಇಷ್ಟಿರುವಾಗ ಕಟ್ಟುಕತೆ ಯಾಕೆ?

ಈಗ ಎಐಗೆ ಎರಡೇ ಕೆಲಸ: ಕಾರ್ಡಿಗೆ ಚಿತ್ರ ಬರೆಯೋದು, ನಾವು ಬರೆದ ಪ್ರಶ್ನೆಯನ್ನು ಓದಿ ಕೇಳಿಸೋದು. ಅದು ಹುಟ್ಟಿಸಿದ ರಾಜನನ್ನೂ ಬಿಟ್ಟಿಲ್ಲ. ಒಂದು ಕಾರ್ಡಿನಲ್ಲಿದ್ದಾನೆ, ಸುಳ್ಳು ಅಂತ ಹಿಡಿದವರಿಗೆ ಎರಡು ಕುರಿ.

ಮುಂದಿನ ಭಾನುವಾರ ಬರೋರು ಅಜ್ಜಿ-ತಾತನ ಹತ್ರ ಒಂದೊಂದು ಒಗಟು ಕೇಳಿ, ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡು ಬನ್ನಿ.