ಹತ್ತಿ ನಮ್ಮದು, ಹಿಂಡಿ ಯಾರದು?

(ಬೈಲಹೊಂಗಲದಲ್ಲಿ ಕೂಡಿದ್ದ ರೈತರ ಮುಂದೆ ಆಡಿದ ಮಾತುಗಳು)



ಮನೆಯಲ್ಲಿ ಎಮ್ಮಿ ಕಟ್ಟಿದವರು ಒಮ್ಮೆ ಕೈ ಎತ್ತಿರಿ. ಇದನ್ನು ಮನೆಯಲ್ಲಿ ಕೂತು ಓದುವವರೂ ಮನಸ್ಸಿನಲ್ಲೇ ಎತ್ತಿರಿ. ಇನ್ನು ಹತ್ತಿ ಬೆಳೆದು ಮಾರಿದವರು ಎತ್ತಿರಿ. ಅವರಲ್ಲಿ ಹತ್ತಿಕಾಳಿನ ಹಿಂಡಿಯನ್ನು ರೊಕ್ಕ ಕೊಟ್ಟು ತಂದವರು ಯಾರು? ನೋಡಿರಿ, ಅವೇ ಕೈಗಳು.

ಒಂದು ಕ್ವಿಂಟಲ್ ಹತ್ತಿ ಜಿನ್ನಿಗೆ ಹೋದರೆ ಅರಳೆ ಬರುವುದು ಸುಮಾರು 33ರಿಂದ 35 ಕಿಲೋ. ಸ್ವಲ್ಪ ಕಸ-ಧೂಳು ಬಿಟ್ಟರೆ ಉಳಿದದ್ದೆಲ್ಲ ಕಾಳು. ಕಾಳಿನಿಂದ ಎಣ್ಣೆ, ಎಣ್ಣೆ ತೆಗೆದ ಮೇಲೆ ಹಿಂಡಿ. ನಾವು ಮಾರುವಾಗ ಒಂದೇ ಮಾಲು, ಪೇಟೆ ದಾಟಿದ ಮೇಲೆ ಅದು ಮೂರು ಮಾಲು. ಕಬ್ಬಿನದೂ ಅದೇ ಹಣೆಬರಹ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಕಟ್ಟಿದ ದರ ಕ್ವಿಂಟಲಿಗೆ 355 ರೂಪಾಯಿ, ಅದೂ ನೂರಕ್ಕೆ 10.25 ಸಕ್ಕರೆ ಇಳುವರಿ ಇದ್ದರೆ. ಅಳತೆಗೋಲು ಸಕ್ಕರೆಯದು. ಸಿಪ್ಪೆಯಿಂದ ವಿದ್ಯುತ್ತು, ಕಾಕಂಬಿಯಿಂದ ಸ್ಪಿರಿಟ್ ಆಗುವುದು ಗೇಟಿನ ಒಳಗಿನ ಮಾತು.

ದರದ ಹೋರಾಟ ಬಿಡಿರಿ ಎಂದು ನಾನು ಹೇಳುವವನಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭೆಯ ರೈತರು ಕರದ ವಿರುದ್ಧ ನಿಂತರು, ಗುಂಡಿಗೆ ಎದೆ ಕೊಟ್ಟರು. ಆ ನೀರು ಬಂದದ್ದು ನಮ್ಮ ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನಿಂದಲೇ. ಆ ಹೋರಾಟ ಆಗದಿದ್ದರೆ ಇವತ್ತು ನಮ್ಮ ಮಾತು ಕೇಳುವವರೇ ಇರುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಆದರೂ ನಾವು ನಿಂತದ್ದು ಗೇಟಿನ ಹೊರಗೇ.

"ನಾವು ಒಳಗೇ ಅದೇವಲ್ಲರೀ, ನನ್ನ ಹತ್ರ ಷೇರು ಐತಿ" ಎಂದು ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಅಂದರು. ನನ್ನ ಹತ್ತಿರವೂ ಐತಿ. ಒಂದು ಸಹಕಾರಿ ಕಾರ್ಖಾನೆಯ ಷೇರನ್ನು ನಮ್ಮಪ್ಪ ತಗೊಂಡಿದ್ದ. ಆ ಕಾಗದ ಟ್ರಂಕಿನಲ್ಲಿ ಹಳದಿಯಾಗಿ ಕೂತಿದೆ. ಸತ್ಯ ಹೇಳಬೇಕೆಂದರೆ ಹತ್ತು ಹನ್ನೆರಡು ವರ್ಷ ನಾನು ವಾರ್ಷಿಕ ಸಭೆಗೆ ಹೋದದ್ದು ಊಟಕ್ಕೆ ಮತ್ತು ಸಕ್ಕರೆ ಚೀಟಿಗೆ. ಚೇರಮನ್ನರು ವರದಿ ಓದುತ್ತಿದ್ದರು, ನಾವು ಹಿಂದೆ ಕೂತು "ಮಂಜೂರ, ಮಂಜೂರ" ಅನ್ನುತ್ತಿದ್ದೆವು. ಒಂದು ವರ್ಷ ಬಿಲ್ಲು ತಡವಾಯಿತು. ಮಗಳ ಲಗ್ನ ಹತ್ತಿರ ಬಂದಿತ್ತು, ಸಾವಕಾರನ ಹತ್ತಿರ ಬಡ್ಡಿಗೆ ತಂದೆ. ಆ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದೆ. "ಹೋದ ವರ್ಷ ನೀವೇ ಮಂಜೂರ ಮಾಡೀರಿ" ಅಂದರು. ಅದು ಸುಳ್ಳಲ್ಲ!

ಷೇರು ಇದ್ದ ಮಾತ್ರಕ್ಕೆ ಮಾಲಕಿ ಬರುವುದಿಲ್ಲ. ನಮ್ಮ ಸೀಮೆಯಲ್ಲೇ ಎರಡು ಪಾಠ ಇವೆ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ರೇಣುಕಾ ಶುಗರ್ಸ್ ಹುಟ್ಟಿದ್ದು 1998ರಲ್ಲಿ, ಆಂಧ್ರದ ಹಿಂದೂಪುರದ ಹಳೆಯ ಯಂತ್ರ ತಂದು. ಸುತ್ತಲಿನ ರೈತರೂ ಆಗ ಷೇರು ತಗೊಂಡರು. ಆದರೆ ಅದು ಕಂಪನಿ. ಕಂಪನಿಯಲ್ಲಿ ಷೇರು ಎಷ್ಟೋ ಮತ ಅಷ್ಟು. ಅದು ಬೆಳೆಯಿತು, ದೂರದ ಬ್ರೆಜಿಲ್‌ನಲ್ಲೂ ಕಾರ್ಖಾನೆ ಕೊಂಡಿತು, ಸಾಲ ಏರಿತು. 2018ರಲ್ಲಿ ಅದರ ಹಿಡಿತ ಸಿಂಗಾಪುರದ ವಿಲ್ಮಾರ್ ಕಂಪನಿಗೆ ಹೋಯಿತು. ಮುನವಳ್ಳಿಯ ನೂರು ಷೇರಿನ ರೈತನನ್ನು ಕೇಳಿ ಹೋಗಬೇಕಾದ ಕಾರಣ ಅದಕ್ಕೆ ಇರಲಿಲ್ಲ.

ಸಹಕಾರದಲ್ಲಿ ಒಬ್ಬನಿಗೆ ಒಂದೇ ಮತ. ಎರಡೆಕರೆಯವನೂ ಅಷ್ಟೇ, ಇಪ್ಪತ್ತೆಕರೆಯವನೂ ಅಷ್ಟೇ. ಹಾಗಿದ್ದೂ ರಾಮದುರ್ಗ ತಾಲೂಕು ಖಾನಪೇಟದ ಧನಲಕ್ಷ್ಮಿ ಸಹಕಾರಿ ಸಕ್ಕರೆ ಕಾರ್ಖಾನೆ ಖಾಸಗಿ ಕಂಪನಿಗೆ ಲೀಸಿಗೆ ಹೋಯಿತು. ಹೆಸರು ಸಹಕಾರಿ, ನಡೆಸುವವರು ಬೇರೆ. ಇಲ್ಲಿ ಬೈಲಹೊಂಗಲದ ಸೋಮೇಶ್ವರ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗಳ ಸದಸ್ಯರು ಈ ಎರಡೂ ಪಾಠ ಗಮನದಲ್ಲಿ ಇಟ್ಟುಕೊಳ್ಳಬೇಕು.

ಸಹಕಾರ ಅಂದರೆ ನಮ್ಮ ಕಡೆ ಸಾಲದ ಕಿಟಕಿ ಎಂದೇ ಅರ್ಥ ಆಗಿದೆ. ಅದಕ್ಕೂ ಕಾರಣ ಉಂಟು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದೇ ಸಾವಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲಿಕ್ಕೆ. ಅದು ದೊಡ್ಡ ಕೆಲಸ. ಆದರೆ ಸಾಲ ತಂದು ಬೆಳೆದ ಮಾಲನ್ನು ಅಡತಿಗೆ ಹಾಕಿದರೆ ಸಾಲ ತೀರುವುದು ಹ್ಯಾಂಗ? ಮಂಗಳೂರಿನ ಕಡೆ ಅಡಿಕೆ ದರ ನೆಲಕ್ಕೆ ಬಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರು ಮತ್ತು ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅವರು ಬರೇ ಸಾಲ ಹಂಚಲಿಲ್ಲ, ಪೇಟೆಗೆ ಇಳಿದು ಅಡಿಕೆ ಕೊಂಡರು. ಆಮೇಲೆ ಕೋಕೋ ಕೇಳುವವರಿಲ್ಲದಾದಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿದರು. ಬೆಳೆದವರೇ ಕೊಂಡರು, ಬೆಳೆದವರೇ ಮಾಲು ಮಾಡಿದರು.

ಈಗ ಹೇಳುವ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಮಾಲಕಿ ಭೂಮಿ ಇದ್ದವರಿಗೆ ಮಾತ್ರ ಸಾಲದು. ಜಿನ್ನಿನಲ್ಲಿ ದುಡಿಯುವ ಹೆಣ್ಣುಮಕ್ಕಳು, ಚೀಲ ಹೊರುವ ಹಮಾಲರು, ಕಬ್ಬು ಕಡಿಯುವವರು, ಇವರಿಗೂ ಅದರಲ್ಲಿ ಪಾಲು ಬೇಕು. "ಆಳಿನ ಜೋಡಿ ಪಾಲೇನೋ?" ಎಂದು ನಮ್ಮ ಊರಲ್ಲೇ ಒಬ್ಬರು ಕೇಳಿದರು. ನಾನು ಅವರಿಗೆ ಹೇಳಿದೆ, ಅಣ್ಣಾ, ನಿನ್ನ ಹೊಲ ಮೂರು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬನಿಗೆ ಎರಡೆಕರೆ. ಸಣ್ಣ ಮಗ ಆಗಲೇ ಕಂಪನಿಯಲ್ಲಿ ಕಂತ್ರಾಟಿನ ಮೇಲೆ ದುಡಿಯಾಕತ್ತಾನ. ಆಳು ಅಂದರೆ ಯಾರು?

ದುಡಿಯುವವರೇ ಒಡೆಯರಾಗಿ ನಡೆಸಿದ್ದು ನಮ್ಮ ರಾಜ್ಯದಲ್ಲೇ ಉಂಟು. 1957ರಲ್ಲಿ ಬೆಂಗಳೂರಿನ ಕಾಫಿ ಹೌಸ್ ನೌಕರರು ಸಂಘ ಕಟ್ಟಿಕೊಂಡರು. ಮಲೆನಾಡಿನ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿ ಬಾಗಿಲು ಹಾಕಿದಾಗ ಡ್ರೈವರ್, ಕಂಡಕ್ಟರ್‌ಗಳು ಕೂಡಿ 1991ರಲ್ಲಿ ಸಹಕಾರ ಸಾರಿಗೆ ಮಾಡಿದರು. ಕೆಲವೇ ಬಸ್ಸಿನಿಂದ 70ಕ್ಕೂ ಮೇಲೆ ಹೋದರು. ಸುಮಾರು 29 ವರ್ಷ ಓಡಿಸಿ, ಡೀಸೆಲ್, ತೆರಿಗೆ, ವಿಮೆಯ ಭಾರ ತಾಳದೆ 2020ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಅದನ್ನೂ ಮುಚ್ಚಿಡದೆ ಹೇಳಬೇಕು. ಪ್ರೀತಿಯಿಂದ ಬಸ್ಸು ಓಡುವುದಿಲ್ಲ, ಒಳ್ಳೆಯ ವರ್ಷದಲ್ಲಿ ಕಾಯ್ದಿಟ್ಟ ನಿಧಿ ಬೇಕು.

ಹಾಗಾದರೆ ನಾವೇನು ಮಾಡೋಣ? ಕೋಟಿಗಟ್ಟಲೆ ಸಾಲ ಮಾಡಿ ಜಿನ್ ಕಟ್ಟುವುದು ಬ್ಯಾಡ. ಮೊದಲು 100 ಮನೆ, ಮನೆಗೆ 10 ಕ್ವಿಂಟಲ್ ಹತ್ತಿ ಕೂಡಿಸೋಣ. 1,000 ಕ್ವಿಂಟಲ್ ಆಯಿತು. ಇರುವ ಜಿನ್ನಿಗೆ ಕೂಲಿ ಕೊಟ್ಟು ಬಿಡಿಸಿ, ಅರಳೆಯನ್ನು ಒಟ್ಟಿಗೆ ಮಾರೋಣ, ಕಾಳನ್ನು ಮನೆಗೆ ತರೋಣ. ಹೆಚ್ಚೂ ಕಡಿಮೆ 640 ಕ್ವಿಂಟಲ್ ಕಾಳು ನಮ್ಮ ಕೈಯಲ್ಲಿ ಇರುತ್ತದೆ. ಒಂದು ಸಣ್ಣ ಗಾಣ ಹಾಕಿದರೆ ಹಿಂಡಿ ನಮ್ಮ ಎಮ್ಮಿಗಳಿಗೇ ಬರುತ್ತದೆ. ಹಮಾಲರದು ಒಂದು ಸಂಘ, ರೈತರದು ಒಂದು ಸಂಘ, ನಡುವೆ ಬರೆಹದ ಕರಾರು, ಲಾಭದಲ್ಲಿ ಅವರಿಗೆ ಗೊತ್ತಾದ ಪಾಲು.

ತೊಡಕು ಒಂದೇ, ಆದರೆ ಗಟ್ಟಿ ತೊಡಕು. ಬೀಜ-ಗೊಬ್ಬರಕ್ಕೆ ಅಡತಿಯವನ ಹತ್ತಿರ ರೊಕ್ಕ ತಂದವನು ಅಲ್ಲಿಗೇ ಹತ್ತಿ ಹಾಕಬೇಕು. ಅವನಿಗೆ ಸಂಘ "ಆರು ತಿಂಗಳು ತಡಿ" ಅಂದರೆ ಅವನು ಬರುವುದಿಲ್ಲ, ಬರಬೇಕೆಂದು ನಾವು ಬೈಯಲೂಬಾರದು. ಮಾಲು ಹಾಕಿದ ದಿನವೇ ಕೈಗೆ ಮುಂಗಡ ಬೀಳಬೇಕು. ಅದಕ್ಕೆ ಮಾಲಿನ ಅಡಮಾನ ಸಾಲ ಉಂಟು, ನಮ್ಮ ಊರ ಸೊಸಾಯಿಟಿಗಳೂ ಇವೆ. ನೋಂದಣಿಗೆ 1959ರ ಸಹಕಾರ ಕಾಯ್ದೆ ಇದೆ, 1997ರ ಸೌಹಾರ್ದ ಕಾಯ್ದೆ ಇದೆ. 2002ರ ತಿದ್ದುಪಡಿಯ ಮೇಲೆ 10 ಜನ ರೈತರು ಕೂಡಿದರೆ ಉತ್ಪಾದಕರ ಕಂಪನಿಯೂ ಆಗುತ್ತದೆ, ಅಲ್ಲೂ ಒಬ್ಬನಿಗೆ ಒಂದೇ ಮತ.

ಸಹಕಾರ ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರ್ 25ರೊಳಗೆ ಆಗಬೇಕು. ಅದಕ್ಕಿಂತ ಮೊದಲು ನಿಮ್ಮ ಸಂಘದ ಅಢಾವೆ ಪತ್ರಿಕೆ ತರಿಸಿಕೊಳ್ಳಿರಿ. ಕಾಲೇಜು ಕಲಿತ ಮಗ ಅಥವಾ ಮಗಳ ಕೈಲಿ ಓದಿಸಿರಿ. ಸಾಲ ಎಷ್ಟು, ಬಡ್ಡಿ ಎಷ್ಟು, ಸದಸ್ಯರಿಗೆ ಬಾಕಿ ಎಷ್ಟು, ಕೆಲಸಗಾರರ ಪಗಾರ ಬಾಕಿ ಎಷ್ಟು, ಈ ನಾಲ್ಕು ಸಾಲಿಗೆ ಪೆನ್ಸಿಲ್ ಗೆರೆ ಹಾಕಿ ಸಭೆಗೆ ಬರ್ರಿ. ನಾನಂತೂ ಈ ಸಾರೆ ಮುಂದಿನ ಸಾಲಿನಲ್ಲಿ ಕೂಡ್ರುತ್ತೇನೆ. ಊಟ ಆಮೇಲೆ ನೋಡೋಣ.