ಕಾನೂನುಗಳ ಕುಲಗೋತ್ರ

ಭಾಷೆಗಳನ್ನು ವಂಶಗಳಾಗಿ ವಿಂಗಡಿಸುವುದು ನನ್ನಂಥ ಕನ್ನಡ ಅಧ್ಯಾಪಕನಿಗೆ ರೂಢಿಯ ಕೆಲಸ. ಕಾನೂನುಗಳಿಗೂ ಅಂಥ ವಂಶಗಳುಂಟೆಂದರೆ ಕೇಳುಗರಲ್ಲಿ ಕೆಲವರಿಗೆ ಅಚ್ಚರಿಯಾದೀತು. ಫ್ರಾನ್ಸಿನ ನ್ಯಾಯಶಾಸ್ತ್ರಜ್ಞ ರೆನೆ ದಾವಿದ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೂರು ದೊಡ್ಡ ಕುಟುಂಬಗಳನ್ನು ಗುರುತಿಸಿದರು: ರೋಮನರ ಕಾನೂನಿನಿಂದ ಬೆಳೆದು ಸಂಹಿತೆಗಳನ್ನು ನೆಚ್ಚುವ ಯೂರೋಪ್ ಖಂಡದ ಪದ್ಧತಿ, ತೀರ್ಪಿನ ಮೇಲೆ ತೀರ್ಪು ಪೇರಿಸಿ ಬೆಳೆದ ಇಂಗ್ಲೆಂಡಿನ ಪದ್ಧತಿ, ಸಮಾಜವಾದಿ ರಾಷ್ಟ್ರಗಳ ಪದ್ಧತಿ. ಇವುಗಳಲ್ಲಿ ಕೊನೆಯದರ ಹಿರಿಯಣ್ಣನಾದ ಸೋವಿಯತ್ ಒಕ್ಕೂಟ 1991ರಲ್ಲಿ ಅಳಿಯಿತು. ಧರ್ಮವನ್ನೋ ತತ್ತ್ವವನ್ನೋ ಆಧರಿಸಿದವೆಂದು ಬಗೆದ ಮಿಕ್ಕ ಪದ್ಧತಿಗಳೆಲ್ಲ, ಹಿಂದೂ ಕಾನೂನೂ ಸೇರಿದಂತೆ, ಬೇರೊಂದು ಗೂಡಿಗೆ ಹೋದವು.

ತುರ್ಕಿ 1926ರಲ್ಲಿ ಸ್ವಿಟ್ಜರ್ಲೆಂಡಿನ ನಾಗರಿಕ ಸಂಹಿತೆಯನ್ನು ಅಳವಡಿಸಿಕೊಂಡು ಕುಟುಂಬವನ್ನೇ ಬದಲಿಸಿತು. ಭಾಷೆಗೆ ಇದು ಸಾಧ್ಯವಿಲ್ಲ. ಸಂಸ್ಕೃತ ಪದಗಳು ಎಷ್ಟೇ ಬರಲಿ, ವ್ಯಾಕರಣದ ಬಲದಿಂದ ಕನ್ನಡ ದ್ರಾವಿಡವೇ. ಹಾಗಾದರೆ ಕಾನೂನಿನ ವ್ಯಾಕರಣ ಯಾವುದು? ಸಂಹಿತೆಗೆ ಅರ್ಥ ಹೇಳುವ ನ್ಯಾಯಾಧೀಶನು ಹಿಂದಿನ ತೀರ್ಪಿಗೆ ಕಟ್ಟುಬೀಳುವನೋ ಇಲ್ಲವೋ ಎಂಬುದೇ ಎಂದು ನನ್ನ ಎಣಿಕೆ. 1860ರಷ್ಟು ಹಿಂದೆಯೇ ದಂಡ ಸಂಹಿತೆಯನ್ನು ಪಡೆದ ಭಾರತವನ್ನು ಇಂಗ್ಲಿಷ್ ಕುಟುಂಬಕ್ಕೆ ಸೇರಿಸುವುದು ಇದೇ ಕಾರಣದಿಂದ. ಸರ್ವೋಚ್ಚ ನ್ಯಾಯಾಲಯ ಸಾರಿದ ಕಾನೂನು ಇತರ ನ್ಯಾಯಾಲಯಗಳಿಗೆ ಬಂಧಕವೆಂದು ಸಂವಿಧಾನದ 141ನೆಯ ಅನುಚ್ಛೇದ ವಿಧಿಸಿದೆ. 2024ರಲ್ಲಿ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದರೂ ಆ ಕಟ್ಟು ಸಡಿಲಲಿಲ್ಲ.

ನನಗೆ ಒಪ್ಪಿಗೆಯಾಗದ್ದು ಆ ಬೇರೆ ಗೂಡು. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನ ಊರು ಕಲ್ಯಾಣ, ಇಂದಿನ ಬಸವಕಲ್ಯಾಣ. ಒಡೆತನವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೇ ಎಂಬ ಪ್ರಶ್ನೆಯನ್ನು ಅವನು ಎತ್ತುತ್ತಾನೆ. ಅಲ್ಲ, ಅದು ಲೌಕಿಕ ಎಂಬುದು ಅವನ ಉತ್ತರ. ಶಾಸ್ತ್ರವನ್ನೇ ಅರಿಯದ ಗಡಿನಾಡಿನವರೂ ಕೊಳ್ಳುವುದು, ಮಾರುವುದು ಕಾಣುತ್ತದಲ್ಲ ಎಂದು ವಾದಿಸುತ್ತಾನೆ. ಹೀಗೆ ತರ್ಕಿಸುವವನನ್ನು ಧರ್ಮದ ಗೂಡಿನಲ್ಲಿ ಕೂರಿಸಿ ಬಾಗಿಲೆಳೆಯುವುದು ಯಾವ ನ್ಯಾಯ?

ಕೋಲ್‌ಬ್ರೂಕ್ 1810ರಲ್ಲಿ ಇದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಕಂಪನಿಯ ನ್ಯಾಯಾಧೀಶರು ವ್ಯಾಖ್ಯಾನವನ್ನು ಶಾಸನದಂತೆಯೇ ಓದಿದರು. ಚರ್ಚೆ ತೀರ್ಪಾಗಿ ಹೆಪ್ಪುಗಟ್ಟಿತು. ಆದರೂ ಆ ಹೆಸರು ಅಳಿಯಲಿಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯು ಮಿತಾಕ್ಷರಾ ಕುಟುಂಬವನ್ನು ಹೆಸರಿಸಿಯೇ, ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಹಕ್ಕನ್ನು ಕೊಟ್ಟಿತು. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ 1994ರಲ್ಲೇ, ವಿವಾಹಿತೆಯರನ್ನು ಹೊರಗಿಟ್ಟಾದರೂ, ಆ ದಾರಿ ಹಿಡಿದಿತ್ತು.