ಕಟ್ಟಡಕ್ಕಿಂತ ಮೊದಲು ಶಿಕ್ಷಕಿ





ನಾಗಮಂಗಲದಲ್ಲಿ ನಮ್ಮ ಪುಟ್ಟ ಮಕ್ಕಳಿಗಾಗಿ ಒಂದು ಮಾಂಟೆಸ್ಸರಿ ಶಾಲೆ ಆಗಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಮಾತು ಶುರುವಾದ ಕೂಡಲೇ ನಿವೇಶನ ಎಲ್ಲಿ, ಕಟ್ಟಡಕ್ಕೆ ಎಷ್ಟು, ಬೋರ್ಡಿಗೆ ಯಾವ ಹೆಸರು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇಂಥ ಮೊಟ್ಟಮೊದಲ ಶಾಲೆ ಹೇಗೆ ಹುಟ್ಟಿತು ಎಂಬುದನ್ನು ತಿಳಿದರೆ ನಮ್ಮ ಲೆಕ್ಕ ಬದಲಾಗಬಹುದು.

ಅದು ತೆರೆದದ್ದು 1907ರ ಜನವರಿ 6ರಂದು, ಇಟಲಿಯ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ. ತಂದೆತಾಯಿ ಕೂಲಿಗೆ ಹೋದ ಮೇಲೆ ಮಕ್ಕಳು ವಠಾರದ ಗೋಡೆ, ಮೆಟ್ಟಿಲುಗಳನ್ನು ಹಾಳು ಮಾಡುತ್ತಿದ್ದರು. ವಠಾರ ನೋಡಿಕೊಳ್ಳುತ್ತಿದ್ದ ಕಂಪನಿಯವರು ರಿಪೇರಿಗೆ ಹಣ ಸುರಿಯುವ ಬದಲು ಅಲ್ಲೇ ಒಂದು ಕೋಣೆ ಕೊಟ್ಟು, ಮಕ್ಕಳ ಹೊಣೆಯನ್ನು ಡಾ. ಮರಿಯಾ ಮಾಂಟೆಸ್ಸರಿ ಅವರಿಗೆ ಒಪ್ಪಿಸಿದರು. ಅವರು ವೈದ್ಯೆ. ಮಕ್ಕಳ ಜೊತೆ ದಿನವಿಡೀ ಇದ್ದವಳು ಅದೇ ಕಟ್ಟಡದ ಕಾವಲುಗಾರನ ಮಗಳು.

ಅಲ್ಲಿ ಆಟಿಕೆ, ಸಾಮಗ್ರಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿಯಿತ್ತು. ಒಂದು ದಿನ ಬೀಗ ಹಾಕುವುದು ಮರೆತುಹೋಯಿತು. ಶಿಕ್ಷಕಿ ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡು ಕೆಲಸಕ್ಕೆ ಕುಳಿತಿದ್ದರು. ಆಕೆಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿ ಅವರಿಗೆ ಅದು ಮಕ್ಕಳ ಆಯ್ಕೆಯಾಗಿ ಕಂಡಿತು. ಅಂದಿನಿಂದ ಮಕ್ಕಳ ಕೈಗೆಟುಕುವ, ಬೀಗವಿಲ್ಲದ ತಗ್ಗು ಕಪಾಟುಗಳು ಬಂದವು. ಕಪಾಟು ಯಾರು ಬೇಕಾದರೂ ಮಾಡಿಸಬಹುದು. ನೋಡುವ ಕಣ್ಣನ್ನು ಮಾತ್ರ ಕೊಳ್ಳಲಾಗದು.

ಅದೇ ವರ್ಷ ಏಪ್ರಿಲ್‌ನಲ್ಲಿ ಎರಡನೆಯ ಮನೆ ತೆರೆಯಿತು, 1908ರಲ್ಲಿ ಮಿಲಾನ್ ನಗರಕ್ಕೂ ಹರಡಿತು. 1939ರಲ್ಲಿ ಮಾಂಟೆಸ್ಸರಿ ಅವರು ಮದರಾಸಿನ ಅಡ್ಯಾರ್‌ಗೆ ಬಂದರು. ಮಹಾಯುದ್ಧದ ಕಾರಣ 1946ರವರೆಗೆ ಭಾರತದಲ್ಲೇ ಉಳಿದು, ಅಡ್ಯಾರ್ ಮತ್ತು ಕೊಡೈಕನಾಲ್‌ನಲ್ಲಿ ಕೆಲಸ ಮಾಡಿದರು, ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಊರಿಂದೂರಿಗೆ ಈ ಪದ್ಧತಿಯನ್ನು ಹೊತ್ತುಕೊಂಡು ಹೋದವರು ಆ ಶಿಕ್ಷಕರೇ.

ಮಾಂಟೆಸ್ಸರಿ ಎಂಬ ಹೆಸರನ್ನು ಇಂದು ಯಾರು ಬೇಕಾದರೂ ಬೋರ್ಡಿಗೆ ಬರೆಸಬಹುದು. ಒಳಗೆ ಮೂರು ವರ್ಷದ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಎಬಿಸಿಡಿ ತಿದ್ದಿಸುತ್ತಿದ್ದರೆ ಅದು ಬೋರ್ಡು ಮಾತ್ರ. ಆದ್ದರಿಂದ ನನ್ನ ವಿನಂತಿ ಇಷ್ಟೇ: ಕಟ್ಟಡ ನಿಧಿಗೆ ಕೈ ಹಾಕುವ ಮೊದಲು ನಮ್ಮೂರಿನ ಇಬ್ಬರು ವಿದ್ಯಾವಂತ ಹೆಣ್ಣುಮಕ್ಕಳನ್ನು ಪೂರ್ಣ ತರಬೇತಿಗೆ ಕಳುಹಿಸೋಣ. ಅವರು ಹಿಂದಿರುಗಿದ ಮೇಲೆ ಒಂದು ಬಾಡಿಗೆ ಕೋಣೆ ಸಾಕು. ಮೂರರಿಂದ ಆರು ವರ್ಷದ ಮಕ್ಕಳು ಒಟ್ಟಿಗೇ ಇರಲಿ. ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ. ರಾಗಿ, ಅವರೆಕಾಳು ಬೇರ್ಪಡಿಸುವುದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು, ಮರಳುಕಾಗದದ ಅಕ್ಷರದ ಮೇಲೆ ಬೆರಳಾಡಿಸುವುದು, ಇವೇ ಪಾಠ. ಕಂಚು ಹಿತ್ತಾಳೆಯ ಎರಕಕ್ಕೆ ಹೆಸರಾದ ಈ ಊರಿಗೆ ಕೈಯಿಂದ ಬುದ್ಧಿ ಬೆಳೆಯುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಉರ್ದು ಆಡುವ ಮಗುವಿನ ಬಾಯಿ ಮುಚ್ಚಿಸದೆ, ಕನ್ನಡವನ್ನು ಕಿವಿಗೂ ಬೆರಳಿಗೂ ಕೊಡೋಣ.

6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನೂರಕ್ಕೆ 25 ಮಂದಿ ಶಾಲೆಗೆ ಹೋಗೇ ಇಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತು. ಶಾಲೆಯ ಮೇಲಿನ ಪ್ರೀತಿ ಮೊದಲ ವರ್ಷಗಳಲ್ಲೇ ಹುಟ್ಟಬೇಕು.

ಕೊನೆಯದಾಗಿ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಈ ಊರಿನ ಬೀದಿಯಲ್ಲಿ ಗಲಭೆ ನಡೆದು ಅಂಗಡಿಗಳು ಸುಟ್ಟವು. ಆ ನೋವು ಎರಡೂ ಕಡೆಯ ಮನೆಗಳಲ್ಲಿದೆ. ಆದ್ದರಿಂದ ನಮ್ಮ ಶಾಲೆಯ ಬಾಗಿಲು ಎಲ್ಲ ಜಾತಿ, ಮತದ ಮಕ್ಕಳಿಗೂ ತೆರೆದಿರಲಿ. ಒಂದೇ ಚಾಪೆಯ ಮೇಲೆ ಕುಳಿತು ಕಾಳು ಎಣಿಸಿದ ಮಕ್ಕಳು ನಾಳೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ.

ಓದು ಎಂಬ ಆಜ್ಞೆಯಿಂದಲೇ ನಮ್ಮ ದೀನ್ ಆರಂಭವಾಯಿತು. ಆ ಆಜ್ಞೆಯನ್ನು ಪಾಲಿಸುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.